'ಅಂತ' ಮತ್ತು 'ಆಗಿ': ಇಂಗ್ಲಿಷ್ ವಾಕ್ಯದೊಳಗ ನಮ್ಮ ಕನ್ನಡ

ಇವತ್ತಿನ ಮಾತು ಒಂದು ಸಣ್ಣ ಇಂಗ್ಲಿಷ್ ಪದದ ಬಗ್ಗೆ: 'ಆ್ಯಜ್'. ನಾವು ಇಂಗ್ಲಿಷ್ ಮಾತಾಡುವಾಗ ಇದು ಕರೀದನ ಬಂದು ಕೂಡತೈತಿ.

ಹೂಲಿಗೆ ಬಂದ ಪ್ರವಾಸಿಗೆ ಏನು ಹೇಳ್ತೀವಿ? 'ಪೀಪಲ್ ಕಾಲ್ ದಿಸ್ ಟೆಂಪಲ್ ಆ್ಯಜ್ ಪಂಚಲಿಂಗೇಶ್ವರ.' ಯಾಕಂದ್ರ ಕನ್ನಡದೊಳಗ 'ಪಂಚಲಿಂಗೇಶ್ವರ ಅಂತ' ಕರೀತೀವಿ. 'ಅಧ್ಯಕ್ಷರನ್ನಾಗಿ' ಮಾಡ್ತೀವಿ. ಆ 'ಅಂತ', 'ಆಗಿ' ತೆಗೆದ್ರ ನಮ್ಮ ವಾಕ್ಯ ನಿಲ್ಲಂಗಿಲ್ಲ.

ಇಂಗ್ಲಿಷಿನ ಕಾಲ್, ಮೇಕ್, ನೇಮ್, ಫೈಂಡ್, ಕೀಪ್‌ಗೆ ಈ ಅಂಟು ಬೇಡ. ಮೊದಲು ಕರ್ಮ, ಅದರ ಬೆನ್ನಿಗೆ ವಿವರ. 'ದೇ ಮೇಡ್ ಹರ್ ಪ್ರೆಸಿಡೆಂಟ್.' ಮುಗೀತು. ಅಲ್ಲಿ ಪದದ ಜಾಗನ ಕೆಲಸ ಮಾಡತೈತಿ.

ನಮ್ಮ ಜಿಲ್ಲೆಯದೇ ಉದಾಹರಣೆ ನೋಡ್ರಿ. 2014ರ ನವೆಂಬರ್ 1ರಂದು ಊರಿನ ಹೆಸರು ಬದಲಾಯಿತು: 'ದ ಗವರ್ನಮೆಂಟ್ ರೀನೇಮ್ಡ್ ಬೆಲ್ಗಾಮ್ ಬೆಳಗಾವಿ.' ಎರಡು ಹೆಸರು ಒತ್ತೊತ್ತಿಗೆ, ನಡುವೆ ಏನಿಲ್ಲ. ಜಾಗ ಅದಲುಬದಲು ಮಾಡಿದ್ರ ಇತಿಹಾಸನ ಉಲ್ಟಾ!

ಇನ್ನೊಂದು ತೊಡಕು. ನಮ್ಮ 'ಆಗಿ' ಎರಡು ಕೆಲಸ ಮಾಡತೈತಿ. 'ಕೋಣೆ ಸ್ವಚ್ಛವಾಗಿ ಇಡು' ಅನ್ನುವಾಗಿನ 'ಆಗಿ' ಕೋಣೆ ಹೆಂಗಿರಬೇಕು ಅಂತ ಹೇಳತೈತಿ. 'ಸುಲಭವಾಗಿ ಸಿಕ್ತು' ಅನ್ನುವಾಗಿನದು ಸಿಕ್ಕ ರೀತಿ ಹೇಳತೈತಿ. ಇಂಗ್ಲಿಷ್ ಇವೆರಡನ್ನೂ ಬೇರೆ ಮಾಡತೈತಿ. 'ಐ ಫೌಂಡ್ ದ ಪೇಪರ್ ಈಸಿ' ಅಂದ್ರ ಪ್ರಶ್ನೆಪತ್ರಿಕೆ ಸರಳ ಇತ್ತು. 'ಈಸಿಲಿ' ಅಂದ್ರ ಕಳೆದ ಕಾಗದ ಬೇಗ ಸಿಕ್ತು! ಸ್ಪರ್ಧಾತ್ಮಕ ಪರೀಕ್ಷೆಯ 'ತಪ್ಪು ಹುಡುಕಿ' ಪ್ರಶ್ನೆಯೊಳಗ ಮಾರ್ಕ್ಸ್ ಹೋಗೋದು ಇಲ್ಲೇ.

ಪರೀಕ್ಷಿಸೋದು ಸರಳ. ಕರ್ಮ ಮತ್ತು ವಿವರದ ನಡುವೆ 'ಈಸ್' ಇಟ್ಟು ನೋಡ್ರಿ. 'ರೂಮ್ ಈಸ್ ಕ್ಲೀನ್': ಸರಿ. ಹಂಗಾದ್ರ 'ಕೀಪ್ ದ ರೂಮ್ ಕ್ಲೀನ್' ಅನ್ನಬೇಕು, 'ಕ್ಲೀನ್ಲಿ' ಅಲ್ಲ.

ಎಲ್ಲಾ ಕಡೆ 'ಆ್ಯಜ್' ಕಿತ್ತು ಒಗೀಬ್ಯಾಡ್ರಿ. 'ರಿಗಾರ್ಡ್'ಗೆ ಅದು ಬೇಕೇ ಬೇಕು: 'ವಿ ರಿಗಾರ್ಡ್ ಹರ್ ಆ್ಯಜ್ ಅ ಲೀಡರ್.' 'ಅಪಾಯಿಂಟ್'ಗೆ ಇದ್ರೂ ನಡೀತೈತಿ, ಇಲ್ಲದಿದ್ರೂ ನಡೀತೈತಿ.

ಕಡೆಗೆ ಒಂದು ಮಾತು. ಹಳ್ಳಿಯಿಂದ ಬಂದ ಎಷ್ಟೋ ಹುಡುಗ–ಹುಡುಗಿಯರು ಕೆಲಸ ಗೊತ್ತಿದ್ರೂ ಇಂಟರ್‌ವ್ಯೂನಾಗ ಬಾಯಿ ಬಿಡಂಗಿಲ್ಲ, ತಪ್ಪಾದ್ರ ನಗ್ತಾರ ಅಂತ. ಈ ತಪ್ಪು ದಡ್ಡತನದ್ದಲ್ರೀ, ಕನ್ನಡದ ವ್ಯಾಕರಣ ಗಟ್ಟಿ ಕೂತದ್ದರ ಗುರುತು. ಎಲ್ಲಿಂದ ಬಂತು ಅಂತ ತಿಳಿದ್ರ ತಿದ್ದೋದು ಹಗುರ. ಇವತ್ತ ಮೂರು ವಾಕ್ಯ ಬಾಯಿಬಿಟ್ಟು ಹೇಳಿ ನೋಡ್ರಿ. ಮುಂದಿನ ಕಂತಿನೊಳಗ ಸಿಗೋಣು.