‘6-5=2’: ಹೆದರಿಸೋಕೆ ದುಡ್ಡು ಬೇಡ, ಆದರೆ…

ಹೈದರಾಬಾದಿಗೆ ಬಂದ ಕನ್ನಡಿಗರಿಗೆಲ್ಲ ಈ ಪ್ರಶ್ನೆ ಗೊತ್ತಿರುತ್ತೆ: ‘ನಿಮ್ಮ ಕನ್ನಡದಲ್ಲಿ ಒಳ್ಳೆ ದೆವ್ವದ ಸಿನಿಮಾ ಯಾವುದಿದೆ?’ ಆಫೀಸಿನ ತೆಲುಗು ಗೆಳೆಯರು ಕೇಳಿದಾಗ ನಾನು ಹೇಳೋದು 2013ರ ನವೆಂಬರ್‌ನಲ್ಲಿ ತೆರೆಗೆ ಬಂದ, ಕೆ.ಎಸ್. ಅಶೋಕ ನಿರ್ದೇಶಿಸಿದ ‘6-5=2’. ಅದರಲ್ಲಿ ದೋಷ ಇಲ್ಲ ಅಂತಲ್ಲ. ಇವತ್ತು ಎರಡೂ ಕಡೆ ನೋಡೋಣ.

ಆರು ಜನ ಗೆಳೆಯರು ಪಶ್ಚಿಮ ಘಟ್ಟಕ್ಕೆ ಟ್ರೆಕ್ಕಿಂಗ್ ಹೋಗ್ತಾರೆ, ಕಾಡಿನಲ್ಲಿ ಸಿಕ್ಕಿಬೀಳ್ತಾರೆ. ಆಮೇಲೆ ಅವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳನ್ನೇ ನಾವು ನೋಡ್ತಿದ್ದೇವೆ ಅನ್ನೋದು ಚಿತ್ರದ ತಂತ್ರ. ಇದಕ್ಕೆ ಫೌಂಡ್ ಫೂಟೇಜ್ ಅಂತಾರೆ. 1999ರ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಇದನ್ನು ಜನಪ್ರಿಯ ಮಾಡಿತ್ತು. ಕನ್ನಡದಲ್ಲಿ ಈ ಬಗೆಯ ಮೊದಲ ಪ್ರಯತ್ನ ಇದು.

ಮೊದಲು ಮೆಚ್ಚಬೇಕಾದ್ದು. ಇಲ್ಲಿ ದೊಡ್ಡ ತಾರೆಯರಿಲ್ಲ. ಹಾಗಾಗಿ ‘ಹೀರೊ ಸಾಯಲ್ಲ ಬಿಡು’ ಅನ್ನೋ ಧೈರ್ಯ ನಮಗೆ ಸಿಗಲ್ಲ. ಕಾಲೆಳೆಯೋದು, ಬೈಯೋದು ಎಲ್ಲಾ ನಮ್ಮ ವೀಕೆಂಡ್ ಟ್ರೆಕ್ ಗುಂಪಿನ ಮಾತೇ. ಕತ್ತಲಾದ ಮೇಲೆ ಬೆಳಕು ಎಲ್ಲಿ ಮುಗಿಯುತ್ತೋ ಅಲ್ಲಿಂದಾಚೆ ಏನಿದೆ ಅಂತ ನಮ್ಮ ತಲೆಯೇ ಕಟ್ಟಿಕೊಳ್ಳುತ್ತೆ. ಬಡತನವೇ ಇಲ್ಲಿ ಬಂಡವಾಳ.

ಇನ್ನು ದೋಷ. ಭಯ ಶುರುವಾಗೋಕೆ ತುಂಬಾ ಹೊತ್ತು ಹಿಡಿಯುತ್ತೆ. ಅಷ್ಟು ಹೊತ್ತು ಸಿಕ್ಕರೂ ಆರು ಜನರಲ್ಲಿ ಯಾರು ಯಾರು ಅನ್ನೋದು ಮನಸ್ಸಿನಲ್ಲಿ ನಿಲ್ಲಲ್ಲ. ಜೀವಕ್ಕೆ ಕುತ್ತು ಬಂದಾಗಲೂ ಕ್ಯಾಮೆರಾ ಯಾಕೆ ಆನ್ ಇದೆ ಅನ್ನೋದಕ್ಕೆ ಗಟ್ಟಿ ಕಾರಣ ಸಿಗಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಇದು ನಿಜ ಘಟನೆ, ನಿಜ ಫೂಟೇಜ್ ಅಂತಲೇ ಸಿನಿಮಾ ತನ್ನನ್ನು ಪರಿಚಯಿಸಿಕೊಳ್ಳುತ್ತೆ. ಆ ನಂಬಿಕೆ ಒಂದು ಸಲಕ್ಕೆ ಕೆಲಸ ಮಾಡುತ್ತೆ. ಎರಡನೇ ಸಲ ನೋಡುವಾಗ ‘ನಿಜ’ ಅನ್ನೋ ಹಣೆಪಟ್ಟಿ ಕಳಚಿರುತ್ತೆ. ಆಗ ನಮ್ಮನ್ನು ಹಿಡಿದಿಡಬೇಕಾದವರು ಆ ಆರು ಜನ. ಒಬ್ಬನ ಮನೆ, ಇನ್ನೊಬ್ಬಳ ಸಿಟ್ಟು, ಇಬ್ಬರ ಹಳೇ ಜಗಳ ನಮಗೆ ಗೊತ್ತಿದ್ದಿದ್ರೆ ಸಾವು ಬರೀ ಲೆಕ್ಕ ಆಗ್ತಿರಲಿಲ್ಲ.

ಇದನ್ನೆಲ್ಲ ಬರೆಯೋಕೆ ಹೆಚ್ಚಿನ ದುಡ್ಡೇನೂ ಬೇಕಿರಲಿಲ್ಲ. ಬಜೆಟ್ ಇಲ್ಲ ಅನ್ನೋದು ಗ್ರಾಫಿಕ್ಸ್‌ಗೆ ನೆಪ ಆಗಬಹುದು, ಬರವಣಿಗೆಗೆ ಆಗಲ್ಲ. ಫೋನಿನಲ್ಲೇ ಸಿನಿಮಾ ತೆಗೀತೀವಿ ಅಂತ ಹೊರಟಿರೋ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಚಿತ್ರ ಒಳ್ಳೇ ಪಾಠ: ಕತ್ತಲನ್ನು ಇದರಿಂದ ಕಲಿಯಿರಿ, ಪಾತ್ರಗಳನ್ನು ಇದಕ್ಕಿಂತ ಚೆನ್ನಾಗಿ ಬರೆಯಿರಿ.

ನೋಡದವರು ರಾತ್ರಿ, ಲೈಟ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ನೋಡಿ. ನೋಡಿದವರು ಇನ್ನೊಮ್ಮೆ ನೋಡಿ, ಎರಡನೇ ಸಲ ಎಷ್ಟು ಭಯ ಉಳಿದಿತ್ತು ಅಂತ ಹೇಳಿ. ಸಿಗೋಣ.