ಮರಳುಂಟು, ನೀರುಂಟು: ತಲಕಾಡಿನಲ್ಲಿ ಎರಡು ದಿನ

ರಜ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಪಕ್ಷಗಳು ಹುಟ್ಟುತ್ತವೆ. ಒಂದು ಪಕ್ಷಕ್ಕೆ ಚಾಪೆ, ದಿಂಬು, ಊಟವಾದ ಮೇಲೆ ಒಂದು ಗಡದ್ದು ನಿದ್ದೆ. ಇನ್ನೊಂದು ಪಕ್ಷಕ್ಕೆ ಎಲ್ಲಿಗಾದರೂ ಹೊರಟುಬಿಡಬೇಕೆಂಬ ಚಡಪಡಿಕೆ. ಈ ಎರಡನೆಯ ಪಕ್ಷದವರ ಬಾಯಲ್ಲಿ ಈಗೀಗ ದುಬೈಯ ಹೆಸರು ಹೆಚ್ಚು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳುಗಾಡು. ಬೆಳಗ್ಗೆ ಅಲೆಯಲ್ಲಿ ಈಜು, ಸಂಜೆ ಮರಳುದಿಬ್ಬಗಳ ಮೇಲೆ ಏರಿಳಿತ. ಅನುಕೂಲವಿದ್ದವರು ಅಗತ್ಯವಾಗಿ ಹೋಗಿಬರಲಿ. ಆದರೆ ವಿಮಾನ ಹತ್ತಲಾರದವರು ಕೈಚೆಲ್ಲಿ ಕೂಡಬೇಕಾದುದಿಲ್ಲ. ಮೈಸೂರಿನಿಂದ ಸುಮಾರು ೪೫ ಕಿಲೋಮೀಟರ್ ದೂರದಲ್ಲಿಯೇ ಮರಳೂ ನೀರೂ ಒಟ್ಟಿಗೆ ದೊರೆಯುವ ಊರೊಂದುಂಟು. ಅದು ತಲಕಾಡು.

‘ತಲಕಾಡೆ? ಅದನ್ನು ನೋಡಿಯಾಯಿತಲ್ಲ!’ ಎಂದು ನೀವು ಹೇಳಬಹುದು. ಬಸ್ಸಿನಿಂದಿಳಿದು, ಗುಡಿಯಲ್ಲಿ ಕೈಮುಗಿದು, ಹೊಳೆಯಲ್ಲಿ ಕಾಲದ್ದಿ, ಕಟ್ಟಿತಂದ ಚಿತ್ರಾನ್ನವನ್ನು ತಿಂದು, ಸಂಜೆಯ ಬಸ್ಸಿಗೆ ಓಡಿಬಂದದ್ದನ್ನು ನೋಡಿದ್ದು ಎನ್ನುವುದಾದರೆ ನೋಡಿಯಾಯಿತು, ನಿಜ. ನಾನು ಹೇಳಹೊರಟಿರುವುದು ಬೇರೆ ಬಗೆಯ ರಜದ ಮಾತು. ಅದರಲ್ಲಿ ಕಾಲಿಗೆ ಕೆಲಸವುಂಟು, ಕಣ್ಣಿಗೆ ಕೆಲಸವುಂಟು. ಎಲ್ಲಕ್ಕಿಂತ ಮಿಗಿಲಾಗಿ ಎಚ್ಚರಕ್ಕೆ ಕೆಲಸವುಂಟು.

ಮೊದಲು ಮರಳಿನ ಸಂಗತಿ. ಮರುಭೂಮಿಯೆಂದರೆ ಮಳೆ ಕಾಣದ ನೆಲ. ಆ ಅರ್ಥದಲ್ಲಿ ತಲಕಾಡು ಮರುಭೂಮಿಯಲ್ಲ. ದಿಬ್ಬ ಇಳಿದರೆ ಹಸುರು ಗದ್ದೆಗಳು ಕಾಣುತ್ತವೆ. ಹೀಗಿರುವಲ್ಲಿ ಗುಡಿಗಳನ್ನೇ ನುಂಗುವಷ್ಟು ಮರಳು ಬಂದದ್ದು ಎಲ್ಲಿಂದ? ಜನ ಹೇಳುವ ಕಥೆ ನಿಮಗೆ ತಿಳಿದದ್ದೇ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡ ಮೇಲೆ, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ಹೊಳೆಗೆ ಹಾರುವ ಮುನ್ನ ಶಾಪವಿತ್ತಳಂತೆ. ಅದರಿಂದ ತಲಕಾಡಿಗೆ ಮರಳು ಬಂತು, ಎದುರು ದಂಡೆಯ ಮಾಲಂಗಿಯಲ್ಲಿ ಮಡು ಬಿತ್ತು.

ಈ ಒಗಟನ್ನು ಬಿಡಿಸಹೊರಟವರಲ್ಲಿ ವಿಜ್ಞಾನಿಗಳೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು ಒಬ್ಬರು. ಅವರ ವಾದದ ತಿರುಳು ಇಷ್ಟು: ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ತಲಕಾಡಿನ ಮೇಲುಭಾಗದಲ್ಲಿ ಮಾಧವಮಂತ್ರಿ ಕಾವೇರಿಗೆ ಅಣೆಕಟ್ಟೆ ಕಟ್ಟಿಸಿದನು. ಕೆಳಗೆ ಹರಿಯುವ ನೀರು ತಗ್ಗಿತು; ಹೊಳೆಯ ಪಾತ್ರದ ಮರಳು ಬಿಸಿಲಿಗೆ ಬಿದ್ದು ಒಣಗಿತು; ನೈಋತ್ಯದ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಸುರಿಯಿತು. ಇತ್ತ ಹೊಳೆ ತಿರುಗುವ ಕಡೆಗಳಲ್ಲೆಲ್ಲ ನೀರು ಹೊರದಂಡೆಯನ್ನು ಕೊರೆದು ಆಳ ಮಾಡುವುದು, ಒಳದಂಡೆಗೆ ಮರಳು ತಂದು ಹಾಕುವುದು ಸಹಜ. ತಲಕಾಡಿನ ಬಳಿ ಕಾವೇರಿಯ ತಿರುವು ಬಹಳ ಚೂಪು. ಒಂದು ದಂಡೆಗೆ ಮರಳು, ಎದುರು ದಂಡೆಗೆ ಮಡು. ಎರಡೂ ಒಂದೇ ಹೊಳೆಯ ಕೆಲಸ. ಬೆಳೆಗೆ ನೀರುಣಿಸಲು ಕಟ್ಟಿದ ಕಟ್ಟೆಯೊಂದು ಊರಿಗೆ ಮರಳನ್ನೂ ತಂದಿತೆಂಬುದು ಯೋಚಿಸತಕ್ಕ ವಿಷಯ.

ಈಗ ಪ್ರಯಾಣಕ್ಕೆ ಬರೋಣ. ಮಳೆಗಾಲ ಕಳೆದು ಚಳಿ ಬೀಳುವ ಕಾಲ ಇದಕ್ಕೆ ಹದ. ಮೊದಲ ಬಸ್ಸಿಗೇ ಹೊರಡಿ. ಹೊತ್ತೇರುವ ಮೊದಲು ಮರಳಿನ ಮೇಲೆ ಬರಿಗಾಲಲ್ಲಿ ನಡೆಯುವ ಸುಖವೇ ಸುಖ; ನಡುಮಧ್ಯಾಹ್ನ ಅದೇ ಮರಳು ಕಾದ ಬಾಣಲೆ. ಇನ್ನೊಂದು ಮಾತು ನೆನಪಿರಲಿ. ಸಡಿಲ ಮರಳಿನ ನಡಿಗೆಗೆ ಗಟ್ಟಿ ನೆಲದ ನಡಿಗೆಗಿಂತ ಎರಡು ಪಟ್ಟಿಗೂ ಮಿಕ್ಕ ಶ್ರಮ ಬೇಕು. ನಿತ್ಯ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಲೀಸಾಗಿ ಸುತ್ತುವವರಿಗೂ ಇಲ್ಲಿ ಅರ್ಧ ಗಂಟೆಯಲ್ಲಿ ಮೀನಖಂಡ ಮಾತಾಡತೊಡಗುತ್ತದೆ. ಹಿರಿಯರು ನಿಧಾನವಾಗಿ ನಡೆಯಲಿ. ಕುಡಿಯುವ ನೀರು ಕೈಯಲ್ಲಿರಲಿ.

ವೈದ್ಯೇಶ್ವರನಿಂದ ಆರಂಭಿಸಿ ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ಗುಡಿಗಳಿಗೆ ಮರಳಿನಲ್ಲಿಯೇ ನಡೆದುಹೋಗಬಹುದು. ಪಾತಾಳೇಶ್ವರನಿಗೆ ಆ ಹೆಸರು ಏಕೆ ಒಪ್ಪುತ್ತದೆಂಬುದು ಮೆಟ್ಟಿಲಿಳಿಯುವಾಗ ತಿಳಿಯುತ್ತದೆ. ಗಂಗರಿಗೆ ರಾಜಧಾನಿಯಾಗಿದ್ದ ಊರು ಇದು. ಅನಂತರ ಚೋಳರ ಕೈಸೇರಿತು. ಚೋಳರಿಂದ ಇದನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿದ ಹೊಯ್ಸಳ ವಿಷ್ಣುವರ್ಧನ ೧೧೧೭ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದ. ನೀವು ಕಾಲಿಡುವ ದಿಬ್ಬದಡಿಯಲ್ಲಿ ಇನ್ನೂ ಏನೇನಿದೆಯೋ ಎಂಬ ಕುತೂಹಲ ಮಕ್ಕಳಿಗೆ ಹತ್ತಿತೆಂದರೆ, ಪಾಠದ ಪುಸ್ತಕದ ಹತ್ತು ಪುಟಗಳ ಕೆಲಸ ಅಲ್ಲಿಗೆ ಮುಗಿಯಿತು.

ಬಿಸಿಲೇರಿದ ಮೇಲೆ ಎಲ್ಲರ ಕಣ್ಣೂ ಹೊಳೆಯ ಕಡೆ ತಿರುಗುತ್ತದೆ. ಇಲ್ಲಿ ನಾನು ಸ್ವಲ್ಪ ಕಟುವಾಗಿ ಮಾತನಾಡಿದರೆ ಬೇಸರಿಸಬಾರದು. ವಿಹಾರಕ್ಕೆ ಹೋಗಿ ಹೊಳೆಯಲ್ಲಿ ಮುಳುಗಿದವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರಲ್ಲಿ ಬಹುಮಂದಿ ಓದುವ ಹುಡುಗರು. ನಗುತ್ತ ಹೋದ ಮಗ ಮನೆಗೆ ಬಾರದಿದ್ದರೆ ಆ ಮನೆಗೆ ಮತ್ತೆ ರಜವೆಂಬುದೇ ಇಲ್ಲ.

ಕಾವೇರಿ ಇಲ್ಲಿ ನೋಡಲು ಬಲು ಸೌಮ್ಯೆ. ಮೊಣಕಾಲುದ್ದ ನೀರು, ಕೆಳಗೆ ನುಣುಪು ಮರಳು. ಆದರೆ ಮರಳಿನ ತಳ ಕಲ್ಲಿನ ತಳದಂತಲ್ಲ; ಇಂದು ಇದ್ದಂತೆ ನಾಳೆ ಇರದು. ಕಳೆದ ವರ್ಷ ಕೂತು ಮಿಂದ ಜಾಗದಲ್ಲಿಯೇ ಈ ವರ್ಷ ಆಳುದ್ದ ಗುಂಡಿ ಬಿದ್ದಿರಬಹುದು. ಮರಳು ತೋಡಿದ ಕುಳಿಗಳಿದ್ದರೆ ಅವೂ ಮೇಲಿನಿಂದ ಕಾಣವು. ಎರಡನೆಯದಾಗಿ, ತಲಕಾಡಿನ ಆಕಾಶ ನೋಡಿ ಹೊಳೆಯ ಮನಸ್ಸನ್ನು ತಿಳಿಯಲಾಗದು. ಮೇಲುಗಡೆ ತಿರುಮಕೂಡಲಿನಲ್ಲಿ ಕಾವೇರಿಗೆ ಕಪಿಲೆ ಕೂಡುತ್ತಾಳೆ. ಒಬ್ಬಳ ನೀರನ್ನು ಕನ್ನಂಬಾಡಿಯ ಕಟ್ಟೆ ಹಿಡಿದಿದ್ದರೆ, ಇನ್ನೊಬ್ಬಳ ನೀರನ್ನು ಬೀಚನಹಳ್ಳಿಯ ಕಬಿನಿ ಕಟ್ಟೆ ಹಿಡಿದಿದೆ. ಕೊಡಗಿನಲ್ಲೋ ವಯನಾಡಿನಲ್ಲೋ ಮಳೆ ಹೊಯ್ದು ಅಲ್ಲಿ ಬಾಗಿಲು ತೆರೆದರೆ, ಇಲ್ಲಿ ಒಂದು ಹನಿ ಬೀಳದೆಯೂ ನೀರು ಏರುತ್ತದೆ.

ಆದುದರಿಂದ ನೀರಿಗೆ ಇಳಿಯುವ ಮೊದಲು ಊರವರನ್ನು, ಹರಿಗೋಲು ನಡೆಸುವವರನ್ನು ಕೇಳಿರಿ. ಅವರು ‘ಬೇಡ’ ಎಂದ ಕಡೆ ಬೇಡವೇ ಬೇಡ. ಅಲ್ಲಿ ಧೈರ್ಯ ತೋರಿಸಿದರೆ ಬಹುಮಾನ ಕೊಡುವವರಿಲ್ಲ. ದಡದ ಸಮೀಪ, ಸೊಂಟಕ್ಕಿಂತ ಕೆಳಗಿನ ನೀರಿನಲ್ಲಿ, ದೊಡ್ಡವರೊಬ್ಬರು ಕಣ್ಣಿಟ್ಟಿರುವಾಗ ಮಾತ್ರ ಮಕ್ಕಳು ಆಡಲಿ. ಕಣ್ಣಿಡುವುದೆಂದರೆ ಎಲೆಯಡಿಕೆ ಹಾಕುತ್ತ, ಮೊಬೈಲು ನೋಡುತ್ತ ಕೂಡುವುದಲ್ಲ. ಹರಿಗೋಲು ಹತ್ತುವವರು ತೇಲುವ ಅಂಗಿಯನ್ನು ಕೇಳಿ ತೊಟ್ಟುಕೊಳ್ಳಲಿ.

ಇಷ್ಟಾದರೂ ಯಾರಾದರೂ ಆಳಕ್ಕೆ ಸಿಕ್ಕಿಕೊಂಡರೆ? ಒಬ್ಬನನ್ನು ಎತ್ತಲು ಹೋಗಿ ಇಬ್ಬರು ಮೂವರು ಜೊತೆಯಲ್ಲಿ ಮುಳುಗಿದ ಉದಾಹರಣೆಗಳೇ ಹೆಚ್ಚು. ಮುಳುಗುವವನ ಹಿಡಿತ ಬಲು ಬಿಗಿ. ಅವನು ಹಿಡಿದವನನ್ನೂ ಕೆಳಗೆ ಎಳೆದುಕೊಳ್ಳುತ್ತಾನೆ. ಆದುದರಿಂದ ಹಿಂದೆಯೇ ಧುಮುಕಬೇಡಿ. ಕೂಗಿ ಜನರನ್ನು ಕರೆಯಿರಿ. ದಡದಲ್ಲಿ ಗಟ್ಟಿಯಾಗಿ ನಿಂತು ಗಳುವನ್ನೋ ಹಗ್ಗವನ್ನೋ ಎಸೆಯಿರಿ. ಏನೂ ಇಲ್ಲದಿದ್ದರೆ ಒಂದು ಸೀರೆಯೂ ಪ್ರಾಣ ಉಳಿಸೀತು. ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಬುತ್ತಿಯ ಚೀಲದೊಡನೆ ಒಯ್ದರೆ ಅದಕ್ಕಿಂತ ಒಳ್ಳೆಯ ಜೊತೆಗಾರನಿಲ್ಲ.

ಎರಡನೆಯ ದಿನ ಬೆಳಗ್ಗೆ ಮುಡುಕುತೊರೆಯ ಬೆಟ್ಟವನ್ನು ಹತ್ತಿರಿ. ಪಂಚಲಿಂಗಗಳಲ್ಲೊಂದಾದ ಮಲ್ಲಿಕಾರ್ಜುನನ ಗುಡಿ ಅಲ್ಲಿದೆ. ಮೇಲಿನಿಂದ ನೋಡಿದಾಗ ಹೊಳೆ, ಮರಳು, ಗದ್ದೆ ಮೂರರ ಸಂಬಂಧ ಒಂದೇ ನೋಟಕ್ಕೆ ಸಿಗುತ್ತದೆ. ನಿನ್ನೆ ಕೇಳಿದ ಅಣೆಕಟ್ಟೆಯ ವಾದವನ್ನು ಮಕ್ಕಳೇ ಬೆರಳು ತೋರಿಸಿ ವಿವರಿಸಲಿ. ಹಿಂದಿರುಗುವ ದಾರಿಯಲ್ಲಿ ತುಸು ಬಳಸಿದರೆ ಸೋಮನಾಥಪುರ. ಬೇಲೂರು, ಹಳೇಬೀಡುಗಳ ಜೊತೆಯಲ್ಲಿ ಇಲ್ಲಿಯ ಕೇಶವ ದೇವಾಲಯವೂ ೨೦೨೩ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮರಳಿನಲ್ಲಿ ದಣಿದ ಕಾಲಿಗೆ ಅದರ ಜಗಲಿಯ ತಣ್ಣನೆಯ ಕಲ್ಲು ಹಿತವಾಗಿರುತ್ತದೆ.

ಮನೆಗೆ ಬಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ಈಜು ಬಾರದ ಮಕ್ಕಳು ಮನೆಯಲ್ಲಿದ್ದರೆ, ಹುಡುಗನೇ ಇರಲಿ ಹುಡುಗಿಯೇ ಇರಲಿ, ಮುಂದಿನ ರಜದೊಳಗೆ ಕಲಿಸಿರಿ. ಸರಸ್ವತೀಪುರದಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳವಿದೆ; ತಳ ಕಾಣುವ ನೀರಿನಲ್ಲಿ, ಕಲಿಸುವವರ ಎದುರಿನಲ್ಲಿ ಕಲಿಯುವುದು ಮೇಲು. ಕೊಳದಲ್ಲಿ ಕಲಿತ ಈಜು ಹೊಳೆಯಲ್ಲಿ ಮೆರೆಯುವುದಕ್ಕಲ್ಲ ಎಂಬ ಮಾತನ್ನೂ ಜೊತೆಗೇ ಹೇಳಿಕೊಡಿ. ಅಷ್ಟಾದರೆ, ಮತ್ತೆ ತಲಕಾಡಿಗೆ ಹೊರಡುವ ದಿನ ಬುತ್ತಿ ಕಟ್ಟುವವರ ಮನಸ್ಸು ಇನ್ನಷ್ಟು ಹಗುರವಾಗಿರುತ್ತದೆ. ಹಗ್ಗವನ್ನು ಮಾತ್ರ ಆಗಲೂ ಮರೆಯಬೇಡಿ.