ಬಾಡಿಗೆಗೆ ಒಂದು ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಆದರೆ ಆ ಹಿರಿಯರು ತಾವು ಇರಲೆಂದು ಮನೆ ಕಟ್ಟಿದವರು. ಇನ್ನೊಬ್ಬರು ಇರಲೆಂದು, ಅವರಿಂದ ತಿಂಗಳಿಗಿಷ್ಟು ಹಣ ಬರಲೆಂದು ಕಟ್ಟುವ ಮನೆಯ ಪಾಡು ಅವರ ಗಾದೆಯಲ್ಲಿ ಸೇರಲಿಲ್ಲ. ಆ ಪಾಡನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆಳಂದ ತಾಲೂಕಿನ ಮಟಕಿ ನನ್ನ ಹುಟ್ಟೂರು. ತೊಗರಿಯ ರಾಶಿ ಮುಗಿಸಿಕೊಂಡು ಅಲ್ಲಿಂದ ನನ್ನ ಅಣ್ಣನ ಮಗ ಬಂದಿದ್ದ. ಹಲವು ವರ್ಷ ಕೂಡಿಟ್ಟ 8 ಲಕ್ಷ ರೂಪಾಯಿ ಅವನ ಬಳಿ ಇತ್ತು. “ಕಾಕಾ, ರೊಕ್ಕ ಬ್ಯಾಂಕಿನಾಗ ಇಟ್ಟು ಏನ್ ಮಾಡೋದ್ರಿ? ಕಲಬುರಗಿಯಾಗ ಒಂದು ಮನಿ ತೊಗೊಂಡು ಬಾಡಿಗಿ ಕೊಟ್ಟರ ಹ್ಯಾಂಗ?” ಎಂದು ಕೇಳಿದ.

ಪ್ರಶ್ನೆ ನನಗೆ ಹೊಸದೆನಿಸಿತು. ನನ್ನ ಬಾಲ್ಯದ ಮಟಕಿಯಲ್ಲಿ ಬಾಡಿಗೆಯೆಂಬ ಮಾತೇ ಅಪರೂಪ. ಪರವೂರಿನ ಮಾಸ್ತರರು ಬಂದರೆ ಯಾರದೋ ಮಾಳಿಗೆ ಮನೆಯ ಪಡಸಾಲೆ ತೆರವಾಗುತ್ತಿತ್ತು. ಜೋಳದ ಹಿಟ್ಟೂ ಅದೇ ಮನೆಯಿಂದ ಹೋಗುತ್ತಿತ್ತು. ಈಗ ಕಾಲ ಬೇರೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮದೇ ತಾಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿದೆ. ಕಲಬುರಗಿಯಲ್ಲಂತೂ ಕಾಲೇಜು, ಆಸ್ಪತ್ರೆ, ಕಚೇರಿಗಳಿಗಾಗಿ ಬಂದವರೆಲ್ಲರಿಗೂ ಒಂದು ಕೋಣೆ ಬೇಕು. ಆದ್ದರಿಂದ ಹುಡುಗನ ಆಸೆ ಅಸಾಧುವಲ್ಲ. ಆದರೆ ಆಸೆಗೆ ಮೊದಲು ಕಾಗದ ನೋಡಬೇಕು.

ಈ ಮಾತನ್ನು ನಾನು ಹಣ ತೆತ್ತು ಕಲಿತವನು. 1995ರಲ್ಲಿ ಊರಂಚಿನ ಹೊಲವೊಂದನ್ನು ತುಂಡು ಮಾಡಿ ಮಾರುತ್ತಿದ್ದಾಗ ಮೂವತ್ತಕ್ಕೆ ನಲವತ್ತು ಅಡಿಯ ಒಂದು ಪ್ಲಾಟು ಕೊಂಡೆ. ಛಾಪಾ ಕಾಗದದ ಮೇಲೆ ಒಂದು ಕರಾರು, ಇಬ್ಬರು ಸಾಕ್ಷಿಗಳು, ಅಷ್ಟೆ. ಪಂಪನ ಪಾಠ ಹೇಳುವಾಗ ಒಂದು ಅಕ್ಷರದ ಪಾಠಾಂತರಕ್ಕೆ ಗಂಟೆಗಟ್ಟಲೆ ಚರ್ಚಿಸುತ್ತಿದ್ದ ನಾನು, ಬದುಕಿನ ಉಳಿತಾಯವನ್ನೆಲ್ಲ ಕೊಟ್ಟು ಪಡೆದ ಆ ಹಾಳೆಯನ್ನು ಎರಡನೆಯ ಸಲ ಓದಲಿಲ್ಲ. ಮನೆ ಕಟ್ಟಲು ಪರವಾನಗಿ ಕೇಳಿದಾಗ, ಪಹಣಿಯಲ್ಲಿ ನನ್ನ ಪ್ಲಾಟು ಇನ್ನೂ ಹೊಲವಾಗಿಯೇ ಇದ್ದುದು ತಿಳಿಯಿತು. ಒಂಬತ್ತು ವರ್ಷ ಅಲೆದು, ಕೊನೆಗೆ ಕೊಟ್ಟ ಹಣದ ಅರ್ಧಕ್ಕೆ ಅದನ್ನು ಬಿಟ್ಟುಕೊಟ್ಟೆ.

ನೂರು ರೂಪಾಯಿಗೂ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆ ಹೇಳುತ್ತದೆ. ಬರಿಯ ಕರಾರು ಅಥವಾ ಮುಖ್ತಿಯಾರು ಪತ್ರದಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಹೊಲ ಮನೆಯ ಜಾಗವಾಗಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಪರಿವರ್ತನೆಯಾಗಬೇಕು. ನಮ್ಮ ಕಡೆ ಇದನ್ನೇ ‘ಎನ್.ಎ. ಆಗಿದೆಯೆ?’ ಎಂದು ಕೇಳುತ್ತಾರೆ. ಆಮೇಲೆ ಬಡಾವಣೆಯ ನಕ್ಷೆಗೆ ಮಂಜೂರಾತಿ, ಹಿಂದಿನ ಸಾಲಸೋಲಗಳನ್ನು ತಿಳಿಸುವ ಋಣಭಾರ ಪತ್ರ, ಖಾತೆ, ಹಳ್ಳಿಯಾದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆ. ಇಷ್ಟನ್ನೂ ಮಾರುವವನ ಕಡೆಯವನಲ್ಲದ ಒಬ್ಬ ವಕೀಲರಿಗೆ ತೋರಿಸುವುದು ಲೇಸು.

ಕಾಗದದ ನಂತರ ನೆಲ. ನಮ್ಮದು ಎರೆಭೂಮಿ. ತೊಗರಿಗೆ ತಾಯಿಯಾದ ಈ ಮಣ್ಣು ಗೋಡೆಗೆ ಮಲತಾಯಿ. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರೊಡನೆ ಗೋಡೆಯೂ ಬಿರಿಯುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆ ತಕ್ಕಂತೆ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಂಬಗಳ ಅಡಿಪಾಯವನ್ನು ರೂಪಿಸಿಕೊಟ್ಟಿದೆ. ಸಿದ್ಧಮನೆ ಕೊಳ್ಳುವವರು ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಲಿ. ಹೊಸ ಸುಣ್ಣದ ಕೆಳಗೆ ಅಡಗಿದ ಬಿರುಕು ಎರಡು ಋತುಗಳನ್ನು ದಾಟಿ ಅಡಗಿರಲಾರದು.

ಇನ್ನು ಲೆಕ್ಕ. 20 ಲಕ್ಷದ ಮನೆಗೆ ತಿಂಗಳಿಗೆ 6,000 ರೂಪಾಯಿ ಬಾಡಿಗೆ ಬಂತೆನ್ನೋಣ. ವರ್ಷಕ್ಕೆ 72,000. ಒಂದು ತಿಂಗಳು ಮನೆ ಖಾಲಿ ಬೀಳುತ್ತದೆ. ತೆರಿಗೆ, ನಳ, ಸುಣ್ಣಬಣ್ಣಕ್ಕೆ 16,000 ಹೋಗುತ್ತದೆ. ಉಳಿದದ್ದು 50,000, ಅಂದರೆ ನೂರಕ್ಕೆ ಎರಡೂವರೆ. ಬ್ಯಾಂಕಿನ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ. ಜಾಗದ ಬೆಲೆ ಏರಬಹುದೆಂಬುದೊಂದೇ ಸಮಾಧಾನ. ಅದು ನಿರೀಕ್ಷೆಯೇ ಹೊರತು ಆದಾಯವಲ್ಲ.

ಹುಡುಗನ 8 ಲಕ್ಷದ ಮೇಲೆ ಉಳಿದ 12 ಲಕ್ಷ ಸಾಲವಾದರೆ? ನೂರಕ್ಕೆ 9ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ತಿಂಗಳ ಕಂತು ಸುಮಾರು 10,800 ರೂಪಾಯಿ. ಬಾಡಿಗೆ ತುಂಬದ 4,800 ರೂಪಾಯಿಯನ್ನು ಅವನು ಹೊಲದಿಂದ ತರಬೇಕು. “ತಮ್ಮಾ, ತೊಗರಿ ವರ್ಷಕ್ಕೊಮ್ಮೆ ಬರ್ತದ, ಅದೂ ಮಳಿ ಬಂದರ. ಕಂತು ತಿಂಗಳಾ ಬರ್ತದ” ಎಂದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ.

ಕೊನೆಯದಾಗಿ ಮನುಷ್ಯರ ವಿಷಯ. 1981ರಲ್ಲಿ ಎಂ.ಎ. ಓದಲೆಂದು ಗುಲಬರ್ಗಾಕ್ಕೆ ಬಂದಾಗ, ಕೋಣೆ ಹುಡುಕುತ್ತ ಎರಡು ಮನೆಗಳ ಕಟ್ಟೆಯ ಮೇಲೆ ನಿಂತಿದ್ದೆ. ಎರಡರಲ್ಲೂ ಬಾಡಿಗೆಗಿಂತ ಮೊದಲು ಬಂದ ಪ್ರಶ್ನೆ, “ನೀವು ಯಾವ ಮಂದಿ?” ನನ್ನ ಉತ್ತರ ಕೇಳಿದ ಮೇಲೆ ಕೋಣೆ ಬೇರೆಯವರಿಗೆ ಆಗಿಹೋಗಿತ್ತು. ಆ ರಾತ್ರಿ ಗೆಳೆಯನೊಬ್ಬನ ಚಾಪೆಯ ಮೇಲೆ ಮಲಗಿ, ಮುಂದೆ ನನಗೊಂದು ಮನೆಯಾದರೆ ಆ ಪ್ರಶ್ನೆಯನ್ನು ಕೇಳೆನೆಂದು ನಿಶ್ಚಯಿಸಿದೆ.

ನಿವೃತ್ತಿಯ ಹಣದಲ್ಲಿ ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿದೆ. ಮೊದಲು ಬಂದವನು ಒಬ್ಬ ವಿದ್ಯಾರ್ಥಿ, ನಮ್ಮ ಆಳಂದದ ಕಡೆಯವನೇ. ಊರು ಕೇಳಿದೆ, ಓದು ಕೇಳಿದೆ. ಮೂರನೆಯದಾಗಿ ಅದೇ ಪ್ರಶ್ನೆ ನನ್ನ ಬಾಯಿಂದಲೇ ಬಂದುಬಿಟ್ಟಿತು. ಹುಡುಗ ಉತ್ತರ ಕೊಡಲಿಲ್ಲ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ನಾನು ಕೂಗಿದೆ. ಅವನು ತಿರುಗಿ ನೋಡಲಿಲ್ಲ. ನನ್ನ ಹೆಂಡತಿ ಒಳಗಿನಿಂದ ಬಂದು, “ನಲವತ್ತು ವರ್ಷ ವಚನದ ಪಾಠ ಯಾರಿಗೆ ಹೇಳಿದ್ರಿ?” ಎಂದಳು. ಸಂವಿಧಾನದ 17ನೆಯ ವಿಧಿ 1950ರಲ್ಲಿಯೇ ತೆಗೆದುಹಾಕಿದ್ದು ನನ್ನ ಮೆಟ್ಟಿಲ ಮೇಲೆ ಕುಳಿತೇ ಇತ್ತು.

ಅಂದಿನಿಂದ ನಾನು ಕೇಳುವುದು ಮೂರೇ ಮಾತು: ಎಷ್ಟು ಜನ ಇರುತ್ತೀರಿ, ಯಾವ ತಾರೀಖಿಗೆ ಬಾಡಿಗೆ ಕೊಡುತ್ತೀರಿ, ಎಷ್ಟು ದಿನ ಇರುತ್ತೀರಿ. ಹನ್ನೊಂದು ತಿಂಗಳ ಕರಾರು ಬರೆದುಕೊಳ್ಳುತ್ತೇವೆ. ಮುಂಗಡದ ಹಣಕ್ಕೂ ಬಾಡಿಗೆಗೂ ರಸೀದಿ ಕೊಡುತ್ತೇನೆ. ಈವರೆಗೆ ಯಾರೂ ಬಾಡಿಗೆ ಮುಳುಗಿಸಿಲ್ಲ.

ಅಣ್ಣನ ಮಗ ಕಲಬುರಗಿಯ ಮನೆಯ ಆಸೆ ಬಿಟ್ಟಿದ್ದಾನೆ. ಆಳಂದದಲ್ಲಿ ಸಾಲವಿಲ್ಲದೆ ಕೈಗೆಟಕುವ ಎರಡು ಕೋಣೆಯ ಹಳೆಯ ಮನೆಯೊಂದನ್ನು ನೋಡಿದ್ದಾನೆ. ಕಾಗದಗಳು ವಕೀಲರ ಬಳಿ ಇವೆ. ಮಳೆ ಬಿದ್ದ ಮೇಲೆ ಇಬ್ಬರೂ ಹೋಗಿ ಗೋಡೆ ನೋಡುವವರಿದ್ದೇವೆ. ಮೆಟ್ಟಿಲಿಳಿದು ಹೋದ ಆ ಹುಡುಗನ ಸಂಗತಿಯನ್ನೂ ದಾರಿಯಲ್ಲಿ ಅವನಿಗೆ ಹೇಳಬೇಕೆಂದಿದ್ದೇನೆ.